ಮಧ್ಯಾಹ್ನ ಬಾರದ ಸ್ಟೇಷನ್ನು

ಹೋದ ತಿಂಗಳು ಹೊಸೂರಿನ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಹುಡುಗಿಯೊಬ್ಬಳು ಸಾಲ್ಡರಿಂಗ್ ಕಡ್ಡಿ ಹಿಡಿದು ತಂತಿಗೆ ತಂತಿ ಬೆಸೆಯುತ್ತಿದ್ದಳು. ಕಡ್ಡಿಯ ಬಿಸಿ ತುದಿ ರಾಳಕ್ಕೆ ತಾಗಿ ತೆಳ್ಳಗೆ ಹೊಗೆ ಎದ್ದಿತು. ಬಿಳಿ ಹೊಗೆ, ಸ್ವಲ್ಪ ಸಿಹಿ, ಸ್ವಲ್ಪ ಘಾಟು. ಭೌತಶಾಸ್ತ್ರ ಪಾಠ ಮಾಡಿಕೊಂಡೇ ಇಷ್ಟು ವರ್ಷ ಬದುಕಿದವಳಿಗೆ ಆ ಹೊಗೆ ಹೊಸದೇನಲ್ಲ. ಆದರೆ ಅವತ್ತು ಶುಕ್ರವಾರ. ಬೆಳಿಗ್ಗೆ ಎಣ್ಣೆ ಹಚ್ಚಿ ತಲೆಗೆ ಎರೆದುಕೊಂಡು ಬಂದಿದ್ದೆ. ಒದ್ದೆ ಕೂದಲಿನ ವಾಸನೆಗೆ ರಾಳದ ಹೊಗೆ ಸೇರಿದ್ದೇ ತಡ, ನಾನು ಹೊಸೂರಿನಲ್ಲಿ ಇರಲಿಲ್ಲ. ಕಂಬಂ ಕಣಿವೆಯ ಗೂಡಲೂರಿನ ನಮ್ಮ ಬೀದಿಯಲ್ಲಿ, ಎದುರು ಮನೆ ಅತ್ತೆಯ ಜಗಲಿ ತಿಣ್ಣೆಯ ಮೇಲೆ ಕೂತಿದ್ದೆ…

ಎದುರು ಮನೆ ಅತ್ತೆ ಪ್ರತಿ ಶುಕ್ರವಾರ ತಲೆ ಸ್ನಾನ ಮಾಡಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಅದರ ಮೇಲೆ ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಕೂದಲು ಹರಡಿ ಒಣಗಿಸಿಕೊಳ್ಳುತ್ತಿದ್ದರು. ಅದೇನೂ ವಿಶೇಷವಲ್ಲ, ನಮ್ಮ ಕಡೆ ಎಲ್ಲ ಹೆಂಗಸರೂ ಹಾಗೇ ಮಾಡುತ್ತಿದ್ದರು. ವಿಶೇಷ ಅಂದರೆ, ಕೂದಲು ಒಣಗಿದ ಮೇಲೆ ಅದೇ ಬುಟ್ಟಿಯ ಮೇಲೆ ಅವರ ರೇಡಿಯೋ ಕೂರುತ್ತಿತ್ತು. ಚರ್ಮದ ಚೀಲ ಬಿಚ್ಚಿ, ಬೆನ್ನಿನ ಮುಚ್ಚಳ ತೆಗೆದು, ಅದಕ್ಕೂ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದರು. "ಅದುಕ್ಕೂ ನೆಗಡಿ ಆಗ್ತದೆ. ಕರಕರ ಅಂತದಲ್ಲ, ಅದು ಕಫ," ಅನ್ನುತ್ತಿದ್ದರು. ಆ ರೇಡಿಯೋ ಹಾಡು ಹೇಳುವುದಕ್ಕಿಂತ ಮೊದಲು ಘಮ್ಮೆನ್ನುತ್ತಿತ್ತು.

ಅವರು ನಮಗೆ ರಕ್ತ ಸಂಬಂಧವಲ್ಲ. ಬೀದಿಯಲ್ಲಿ ಎಲ್ಲರೂ ಎಲ್ಲರಿಗೂ ಏನಾದರೂ ಆಗಬೇಕು ಎಂಬ ಲೆಕ್ಕದಲ್ಲಿ ಅವರು ನನಗೆ ಅತ್ತೆ, ಅವರ ಯಜಮಾನರು ಮಾವ. ನಮ್ಮದು ಒಂದು ವಿಚಿತ್ರ ಬೀದಿ. ಮನೆಯೊಳಗೆ ಕನ್ನಡ, ಬೀದಿಯ ತುದಿ ದಾಟಿದರೆ ತಮಿಳು. ಎಷ್ಟು ತಲೆಮಾರುಗಳ ಹಿಂದೆ ನಮ್ಮವರು ಕಂಬಂ ಕಣಿವೆಗೆ ಬಂದು ಹೊಲ ಮಾಡಿದರೋ ಲೆಕ್ಕ ಇಟ್ಟವರಿಲ್ಲ. ಕನ್ನಡಕ್ಕೆ ಅಕ್ಷರ ಇದೆ ಎಂಬುದೇ ಚಿಕ್ಕಂದಿನಲ್ಲಿ ನನಗೆ ಗೊತ್ತಿರಲಿಲ್ಲ. ಅದು ಅವ್ವ ಬೈಯಲು ಬಳಸುವ ಮಾತು ಅಂದುಕೊಂಡಿದ್ದೆ. ಹೊಸೂರಿಗೆ ಕೆಲಸಕ್ಕೆ ಬಂದ ಮೇಲೆ, ನನ್ನ ಶಾಲೆಯ ಒಂದನೇ ತರಗತಿಯ ಕನ್ನಡ ಪುಸ್ತಕ ಕದ್ದು ಓದಿ ಅಕ್ಷರ ಕಲಿತೆ. ಇವತ್ತು ಇದನ್ನು ಬರೆಯುತ್ತಿದ್ದೇನೆ ಅಂದರೆ ಅದು ನಾನು ದುಡಿದ ಕನ್ನಡ. ಹೇಳಿಕೊಳ್ಳಲು ಸಂಕೋಚವಿಲ್ಲ. ಹಾಗೆ ನೋಡಿದರೆ ನಮ್ಮ ವಂಶದಲ್ಲಿ ಡಿಗ್ರಿಯನ್ನು ಮೊದಲು ಮನೆಯೊಳಗೆ ತಂದವಳೂ ನಾನೇ, ಅದಕ್ಕೂ ಸಂಕೋಚವಿಲ್ಲ.

ಅತ್ತೆಯ ರೇಡಿಯೋ ಹಗಲೆಲ್ಲ ತಮಿಳು ಮಾತಾಡುತ್ತಿತ್ತು. ಸಂಜೆ ಸೂರ್ಯ ಕುಮಿಳಿ ಘಟ್ಟದ ಹಿಂದೆ ಇಳಿದು, ಎಮ್ಮೆಗಳು ಕೊಟ್ಟಿಗೆ ಸೇರಿ, ದೀಪ ಹಚ್ಚುವ ಹೊತ್ತಿಗೆ ಅತ್ತೆ ಮುಳ್ಳು ತಿರುಗಿಸುತ್ತಿದ್ದರು. ಮೊದಲು ಬರೀ ಸುಯ್ ಎನ್ನುವ ಸದ್ದು. ಆಮೇಲೆ ಬಾವಿಯ ತಳದಿಂದ ಬಂದ ಹಾಗೆ ಒಂದು ದನಿ. ಆಮೇಲೆ ತಿಳಿಯಾದ ಕನ್ನಡ! ಬೆಂಗಳೂರು ಕಡೆಯ ಸ್ಟೇಷನ್ನು. ನಮ್ಮ ಬೀದಿಗೆ ಅದು "ಕನ್ನಡ ಸ್ಟೇಷನ್ನು", ಅಷ್ಟೆ. ಅದರ ಕನ್ನಡ ನಮಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಹತ್ತಾರು ಜನ ತಿಣ್ಣೆಯ ಮೇಲೆ ಕೂತು, ದೂರದ ನೆಂಟರು ಮಾತಾಡುತ್ತಿದ್ದಾರೆ ಎಂಬಂತೆ ಕೇಳುತ್ತಿದ್ದರು.

ಹಗಲು ಆ ಸ್ಟೇಷನ್ನು ಯಾಕೆ ಬರುವುದಿಲ್ಲ ಎಂಬುದಕ್ಕೆ ನಮ್ಮ ಬೀದಿಯಲ್ಲಿ ಒಂದು ವಿವರಣೆ ಇತ್ತು. ನಾನು ಹುಟ್ಟುವ ಮೊದಲಿನಿಂದಲೂ ಇತ್ತು. ಅಲ್ಲಿ ಮಾತಾಡುವವರು ಕನ್ನಡದವರು. ಕನ್ನಡದವರು ಅಂದರೆ ನಮ್ಮ ಹಾಗೆ ಹೊಲದವರು. ಹಗಲು ಹೊಲ ಗೇಯುತ್ತಾರೆ, ಸಂಜೆ ಕೈಕಾಲು ತೊಳೆದುಕೊಂಡು ಬಂದು ರೇಡಿಯೋದಲ್ಲಿ ಮಾತಾಡುತ್ತಾರೆ. ಬೆಳಿಗ್ಗೆ ಕತ್ತಲಿರುವಾಗ ಎರಡು ಮಾತು ಆಡಿ ಮತ್ತೆ ಹೊಲಕ್ಕೆ ಹೋಗುತ್ತಾರೆ. ಈ ವಿವರಣೆಯಲ್ಲಿ ಒಂದು ತೂತೂ ಇರಲಿಲ್ಲ! ಬೇಸಿಗೆಯಲ್ಲಿ ಸ್ಟೇಷನ್ನು ತಡವಾಗಿ ಸಿಗುತ್ತಿತ್ತು. "ಹೊತ್ತು ಉದ್ದ ಐತೆ, ವೇಲೆ ಜಾಸ್ತಿ, ಗೇಯೋದು ಮುಗಿಯಲ್ಲ, ಪಾವಂ," ಅನ್ನುತ್ತಿದ್ದರು ಅತ್ತೆ. ಮಾರ್ಗಳಿ ಚಳಿಯಲ್ಲಿ ಬೇಗ ಸಿಗುತ್ತಿತ್ತು. "ಕುಯ್ಲು ಮುಗೀತು ಅಲ್ಲೂ." ದನಿ ಒಂದೊಂದು ಸಲ ಕ್ಷೀಣವಾಗಿ ಮುಳುಗಿ ಮತ್ತೆ ಏಳುತ್ತಿತ್ತು. "ಮಾತಾಡ್ತಾ ಮಾತಾಡ್ತಾ ಎಮ್ಮೆಗೆ ನೀರಿಟ್ಟು ಬಂದ ಕಾಣು."

ನಾನು ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಿದ್ದ ಕಾಲ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಅಯಾನುಗೋಳದ ಪಾಠ ಬಂತು. ಆಕಾಶದಲ್ಲಿ ತುಂಬಾ ಎತ್ತರಕ್ಕೆ ಪದರ ಪದರವಾಗಿ ಗಾಳಿ ಇದೆ, ಬಿಸಿಲಿಗೆ ಅಲ್ಲಿನ ಕಣಗಳು ಒಡೆದು ವಿದ್ಯುತ್ತು ತುಂಬಿಕೊಳ್ಳುತ್ತವೆ. ಎಲ್ಲಕ್ಕಿಂತ ಕೆಳಗಿನ ಪದರ ಹಗಲು ಮಾತ್ರ ಬಲವಾಗಿರುತ್ತದೆ. ನಮ್ಮ ಮೀಡಿಯಂ ವೇವಿನಂಥ ಕಡಿಮೆ ಆವರ್ತನದ ಅಲೆಗಳು ಮೇಲೇರಿದರೆ ಅದು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆ ಇನ್ನೂ ಮೇಲಿನ ಪದರದವರೆಗೆ ಹೋಗಿ, ಕನ್ನಡಿಗೆ ಬಿದ್ದ ಬೆಳಕಿನ ಹಾಗೆ ಬಾಗಿ, ನೂರಾರು ಮೈಲಿ ಆಚೆ ಇಳಿಯುತ್ತದೆ. ಆ ಮೇಲಿನ ಪದರ ಒಂದೇ ಸಮ ಇರುವುದಿಲ್ಲ, ಅಲುಗುತ್ತದೆ, ಅದಕ್ಕೇ ದನಿ ಏರಿಳಿಯುತ್ತದೆ.

ಇಡೀ ತರಗತಿಗೆ ಅದು ಪರೀಕ್ಷೆಯ ಪ್ರಶ್ನೆ. ನನಗೆ ಅದು ನಮ್ಮ ಬೀದಿ.

ಅವತ್ತು ಸಂಜೆಯೇ ತಿಣ್ಣೆಯ ಮೇಲೆ ಪಾಠ ಮಾಡಿದೆ. ಊಟದ ತಟ್ಟೆ ಎತ್ತಿ ಹಿಡಿದು ಕೆಳಗಿನಿಂದ ಟಾರ್ಚ್ ಬಿಟ್ಟೆ, ಬೆಳಕು ತಟ್ಟೆಗೆ ಬಡಿದು ಗೋಡೆಯ ಮೇಲೆ ಬಿತ್ತು. "ಇದು ರಾತ್ರಿ," ಅಂದೆ. ನಡುವೆ ಗೋಣಿಚೀಲ ಅಡ್ಡ ಹಿಡಿದೆ, ಗೋಡೆ ಕತ್ತಲಾಯಿತು. "ಇದು ಹಗಲು. ಆ ಗೋಣಿಚೀಲ ಹೊಲೆಯೋದು ಸೂರ್ಯ."

ಅತ್ತೆ ಗಲ್ಲಕ್ಕೆ ಕೈಕೊಟ್ಟು ನೋಡಿದರು. "ಅಂಗಾದ್ರೆ ಮೇಲೆ ಅಟ್ಟದ ಮೇಲೆ ಅಟ್ಟ ಐತೆ ಅಂತೀಯ."

"ಹೂಂ ಅತ್ತೆ."

"ಯಾರು ಹತ್ತಿ ನೋಡಿದ್ರು?"

"ಹತ್ತಬೇಕಾಗಿಲ್ಲ ಅತ್ತೆ, ಲೆಕ್ಕ ಹಾಕಿ ಕಂಡ್ಹಿಡಿದವ್ರೆ."

"ಶರಿ. ಆಟ ಚೆನ್ನಾಗೈತೆ ಕಾಲೇಜು. ಟಾರ್ಚ್ ಆರ್ಸು, ಸೆಲ್ಲು ಮುಗೀತದೆ."

ನನ್ನನ್ನು ಅವರು ಹೆಸರಿಟ್ಟು ಕರೆದದ್ದೇ ಇಲ್ಲ. ಬೀದಿಯಲ್ಲಿ ಕಾಲೇಜಿಗೆ ಹೋದ ಒಬ್ಬಳೇ ಹುಡುಗಿ ನಾನು, ಆದ್ದರಿಂದ ನಾನೇ ಕಾಲೇಜು. "ಕಾಲೇಜು ಬಂತು," "ಕಾಲೇಜಿಗೆ ಜ್ವರ ಬಂದೈತೆ," "ಕಾಲೇಜು, ಒಂದು ಬಿಂದಿಗೆ ನೀರು ಸೇದು." ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅದರಲ್ಲಿ ಅವರಿಗಿದ್ದ ಹೆಮ್ಮೆ ಕಂಡಿತು.

ಅತ್ತೆಗೆ ಹಾಡು ಬರುತ್ತಿತ್ತು. ಅವರ ಅವ್ವನಿಂದ ಬಂದ ಹಾಡುಗಳು, ಅವರ ಬಾಯಲ್ಲಿ ಪಾಟು. ಅದರಲ್ಲೂ ನಮ್ಮವರು ಹಿಂದೆ ಕನ್ನಡ ನಾಡು ಬಿಟ್ಟು, ತುಂಬಿದ ಹೊಳೆ ದಾಟಿ ಈ ಕಡೆ ಬಂದದ್ದನ್ನು ಹೇಳುವ ಒಂದು ಉದ್ದದ ಹಾಡು. ಹಾಲು ಕರೆಯುವಾಗ, ಕಳೆ ಕೀಳುವಾಗ ಅದನ್ನು ಹೇಳಿಕೊಳ್ಳುತ್ತಿದ್ದರು. ಕೇಳುವವರು ಯಾರೂ ಇರಲಿಲ್ಲ. ಅವರ ಮಕ್ಕಳಿಗೆ ತಮಿಳು ಸಿನಿಮಾ ಹಾಡೇ ಹಾಡು. ಬೀದಿಯವರಿಗೆ ಅದು ಎಮ್ಮೆಯ ಕೂಗಿನ ಹಾಗೆ, ದಿನಾ ಇರುವ ಸದ್ದು. ಪಕ್ಕದ ತೇವಾರಂ ಊರಿನಲ್ಲಿದ್ದ ಅವರ ನಾದಿನಿ, ಅಂದರೆ ಮಾವನ ತಂಗಿ, ಬಂದಾಗಲೆಲ್ಲ, "ಅತ್ತಿಗೆ ಪಾಟು ಕೇಳಿ ಎಮ್ಮೆ ಹಾಲು ಬಿಡೋದಲ್ಲ, ನಿಲ್ಸಲಿ ಅಂತ ಬಿಡೋದು," ಅನ್ನುತ್ತಿದ್ದಳು. ನಮಗೆಲ್ಲ ನಗು. ಅತ್ತೆಯೂ ನಗುತ್ತಿದ್ದರು. ಆದರೆ ಆ ಸಂಜೆ ಹಾಡುತ್ತಿರಲಿಲ್ಲ.

ಹೀಗಿರುವಾಗ ಒಂದು ಪೊಂಗಲ್ ಹಿಂದೆಮುಂದೆ, ಕನ್ನಡ ಸ್ಟೇಷನ್ನಿನಿಂದಲೇ ಇಬ್ಬರು ಬಂದರು. ತಮಿಳುನಾಡಿನ ಒಳಗೆ ಹಳೆಯ ಕನ್ನಡ ಹಾಡು ಉಳಿಸಿಕೊಂಡ ಊರುಗಳಲ್ಲಿ ದನಿ ಮುದ್ರಿಸಿಕೊಂಡು ಹೋಗುತ್ತಿದ್ದರು. ಯಾರೋ ಅತ್ತೆಯ ಮನೆ ತೋರಿಸಿದರು. ಅವರು ಪ್ಯಾಂಟು ಹಾಕಿ, ಕನ್ನಡಕ ಹಾಕಿದ್ದರು. ಅತ್ತೆ ಅವರ ಅಂಗೈ ನೋಡಿ, "ಏನಪ್ಪಾ, ಕೈ ಇಷ್ಟು ಮೆತ್ತಗೈತೆ, ಹೊಲ ಗುತ್ತಿಗೆಗೆ ಕೊಟ್ಬುಟ್ರಾ?" ಎಂದು ಕೇಳಿದರು. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಬೀದಿಗೆಲ್ಲ ಅರ್ಥವಾಯಿತು.

ಅವತ್ತು ಅತ್ತೆ ಹಾಡಿದ್ದು ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ. ಹೊಳೆ ದಾಟುವ ಹಾಡು ಪೂರ್ತಿ ಹಾಡಿದರು. ಪ್ರಸಾರದ ದಿನ ಗೊತ್ತಾದ ಮೇಲೆ ಫೋನು ಮಾಡುತ್ತೇವೆ ಎಂದು ಹೇಳಿ ಅವರು ಹೋದರು. ಬೀದಿಯ ತುದಿಯ ಎಸ್.ಟಿ.ಡಿ. ಬೂತಿನ ನಂಬರು ಬರೆದುಕೊಟ್ಟವಳು ನಾನೇ. ಕೆಲವು ವಾರದಲ್ಲಿ ಬೂತಿನವನು ಓಡಿಬಂದ. ಬರುವ ಭಾನುವಾರ, ಮಧ್ಯಾಹ್ನ ಊಟದ ಹೊತ್ತಿಗೆ, ಒಂದೇ ಸಲ.

ಅತ್ತೆ ನಿಂತ ನಿಲುವಿನಲ್ಲಿ ಇಡೀ ಬೀದಿಗೆ ಊಟ ಹೇಳಿಬಿಟ್ಟರು. ತೇವಾರಂಗೆ ಆಳು ಕಳಿಸಿ ನಾದಿನಿಯನ್ನೂ ಕರೆಸಿದರು. "ಬರಲಿ ಅವ್ಳು. ಎಮ್ಮೆ ಯಾಕೆ ಹಾಲು ಬಿಡ್ತದೆ ಅಂತ ರೇಡಿಯೋ ಹೇಳ್ತದೆ."

ನಾನು ಹೊತ್ತು ಲೆಕ್ಕ ಹಾಕಿದೆ. ಮಧ್ಯಾಹ್ನ! ಸೂರ್ಯ ನೆತ್ತಿಯ ಮೇಲಿರುವ ಹೊತ್ತು, ಗೋಣಿಚೀಲ ಅತಿ ದಪ್ಪವಾಗಿರುವ ಹೊತ್ತು. ಇಡೀ ಬೀದಿ ಕೂತಿರುತ್ತದೆ, ನಾದಿನಿ ಕೂತಿರುತ್ತಾಳೆ, ರೇಡಿಯೋ ಸುಯ್ ಎನ್ನುತ್ತಿರುತ್ತದೆ.

ಹೋಗಿ ಹೇಳಿದೆ. ಅತ್ತೆ ಹಿಟ್ಟು ಕಲಸುತ್ತಿದ್ದವರು ತಲೆ ಎತ್ತಲಿಲ್ಲ. "ನನ್ನ ಪಾಟು ಅಂದ್ರೆ ಒಂದಿನ ಹೊಲಕ್ಕೆ ರಜ ಹಾಕ್ತಾರೆ. ಅವ್ರೇ ಹೊತ್ತು ಹೇಳವ್ರೆ, ನಿಂದೇನು?"

"ಅವ್ರು ಹಾಕ್ತಾರೆ ಅತ್ತೆ. ನಮಗೆ ಬರಲ್ಲ."

"ನಿನ್ನ ಅಟ್ಟ ನಿನ್ನ ಪುಸ್ತಕದಾಗೆ ಇರಲಿ, ಹೋಗು."

ಹೋದೆ. ಆದರೆ ಮರುದಿನ ಮಧ್ಯಾಹ್ನ ಅವರು ಒಳಮನೆಯಲ್ಲಿ ಒಬ್ಬರೇ ರೇಡಿಯೋ ಹಚ್ಚಿದ್ದು ನಮ್ಮ ಮನೆಗೆ ಕೇಳಿಸಿತು. ಸುಯ್… ಅದರ ಮರುದಿನವೂ. ಆಮೇಲೆ ವಾರದ ನಡುವೆ ಶುಕ್ರವಾರವಲ್ಲದಿದ್ದರೂ ಸಾಂಬ್ರಾಣಿ ವಾಸನೆ ಬಂತು. ಆಗಲೂ ಸುಯ್. ಸಂಜೆ ನಮ್ಮ ಬಾಗಿಲಿಗೆ ಬಂದು ನಿಂತರು. ಅವರ ಮುಖ ಹಾಗೆ ಸಣ್ಣದಾಗಿ ಇದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಕಾಲೇಜು, ಆ ಸ್ಟೇಷನ್ನು ಹಗಲೂ ಮಾತಾಡ್ತದಾ ನಿಜವಾಗ್ಲೂ?"

"ದಿನಾ ಮಾತಾಡ್ತದೆ ಅತ್ತೆ."

"ಅವ್ರು ಹೊಲಕ್ಕೆ ಹೋಗಲ್ವಾ?"

"ಇಲ್ಲ."

ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಳೆದುಕೊಂಡದ್ದು ದೊಡ್ಡದೇ. ಇಷ್ಟು ವರ್ಷದ ನೆಂಟಸ್ತನ ಅದು. ಆಮೇಲೆ, "ಊರೋರು ನಗಲಿ, ತೇವಾರಂ ಅವ್ಳು ನಗಲಿ, ನಕ್ಕು ಸಾಯ್ಲಿ. ನಂಗೆ ಒಂದ್ಸಲ ಕೇಳಬೇಕು, ನನ್ ಕಣ್ಣೇ. ಆ ಪಾಟು ಯಾರೂ ಕೂತು ಕೇಳಿಲ್ಲ. ಅದು ಪಾಟು ಹೌದಾ ಅಲ್ವಾ ಅಂತ ನಾನಾದ್ರೂ ಕೇಳಬೇಡ್ವಾ?" ಅಂದರು.

ಮರುದಿನ ಕಾಲೇಜಿನಲ್ಲಿ ನಮ್ಮ ಲೆಕ್ಚರರ ಹಿಂದೆ ಬಿದ್ದೆ. ಅವರು ಹೇಳಿದ್ದು ಇಷ್ಟು. ಹಗಲು ಆಕಾಶದ ದಾರಿ ಮುಚ್ಚಿದರೂ ನೆಲದ ದಾರಿ ಇದೆ. ಮೀಡಿಯಂ ವೇವ್ ಅಲೆ ನೆಲ ಹಿಡಿದುಕೊಂಡೂ ಹೋಗುತ್ತದೆ, ದೂರ ಹೋದಷ್ಟೂ ಸೋಲುತ್ತದೆ. ನಿಮ್ಮ ಕಣಿವೆಗೆ ಬರುವಷ್ಟರಲ್ಲಿ ಅದರ ಉಸಿರು ಮುಗಿದಿರುತ್ತದೆ, ಮೇಲೆ ಅಡ್ಡಕ್ಕೆ ಪಳನಿ ಬೆಟ್ಟ ಬೇರೆ. ಬೆಟ್ಟದ ಆಚೆ ಬಯಲಿಗೆ ಹೋಗಿ, ಉದ್ದದ ತಂತಿ ಕಟ್ಟಿ, ಒದ್ದೆ ನೆಲಕ್ಕೆ ಅರ್ತ್ ಕೊಟ್ಟು, ಕರೆಂಟಿನ ಗಲಾಟೆ ಇಲ್ಲದ ಕಡೆ ಕೂತರೆ ಸಿಕ್ಕರೂ ಸಿಗಬಹುದು. "ಗ್ಯಾರಂಟಿ ಇಲ್ಲಮ್ಮಾ," ಎಂದೂ ಸೇರಿಸಿದರು.

ಬೆಟ್ಟದ ಆಚೆ ಬಯಲು ಅಂದರೆ ಒಡ್ಡನ್‌ಛತ್ರಂ. ಮಾವ ಬೀಟ್‌ರೂಟ್ ಬೆಳೆದಾಗಲೆಲ್ಲ ಲಾರಿಯಲ್ಲಿ ಅಲ್ಲಿನ ತರಕಾರಿ ಸಂತೆಗೇ ಹೋಗುತ್ತಿದ್ದರು. ಮಾವ ಮಾತು ಕಡಿಮೆ. ವಿಷಯ ಕೇಳಿದವರೇ, ಇನ್ನೂ ನಾಲ್ಕು ದಿನ ನೆಲದಲ್ಲಿರಬೇಕಾದ ಬೀಟ್‌ರೂಟನ್ನು ಕಿತ್ತು ಮೂಟೆ ಕಟ್ಟಿಸಿದರು. ಅಷ್ಟೇ ಅವರ ಅಭಿಪ್ರಾಯ.

ನನ್ನ ಅಪ್ಪ ಮಾತ್ರ, "ಡಿಗ್ರಿ ಓದೋ ಹುಡುಗಿ ಲಾರಿಲಿ ಹೋಗೋದಾ?" ಎಂದು ತಕರಾರು ತೆಗೆದರು.

"ಡಿಗ್ರಿ ಯಾತಕ್ಕೆ ಓದಿಸ್ತಿದೀಯ ಮತ್ತೆ? ಗೂಡಾಗೆ ಇಟ್ಟು ಪೂಜೆ ಮಾಡಕ್ಕಾ?" ಅಂದರು ಅತ್ತೆ.

ಬೀದಿಯ ಊಟವನ್ನು ರಾತ್ರಿಗೆ ಹಾಕಿ, ಭಾನುವಾರ ಕತ್ತಲಿರುವಾಗಲೇ ಹೊರಟೆವು. ಮಾವ ಮೂಟೆಗಳ ಮೇಲೆ. ಮುಂದೆ ಡ್ರೈವರನ ಪಕ್ಕ ನಾನು, ಅತ್ತೆ, ಆಮೇಲೆ ನಾದಿನಿ. ಊಟಕ್ಕೆ ಕರೆಸಿಕೊಂಡವಳನ್ನು ಬಿಟ್ಟು ಹೋಗುವಂತಿರಲಿಲ್ಲ. ರೇಡಿಯೋ ಅತ್ತೆಯ ತೊಡೆಯ ಮೇಲೆ, ಕಂಬಳಿ ಹೊದ್ದುಕೊಂಡು. ನನ್ನ ಚೀಲದಲ್ಲಿ ಮೋಟಾರಿಗೆ ಸುರುಳಿ ಸುತ್ತುವ ಅಂಗಡಿಯಿಂದ ತಂದ ತಾಮ್ರದ ತಂತಿ.

ಕಂಬಂ ದಾಟುವಾಗ ಕನ್ನಡ ಸ್ಟೇಷನ್ನು ಬೆಳಗಿನ ಹಾಡಿನಿಂದ ಶುರುವಾಯಿತು, ಗಂಟೆ ಬಾರಿಸಿದಷ್ಟು ತಿಳಿಯಾಗಿ. ಪೂರ್ವದ ಬೆಟ್ಟದ ಅಂಚು ಬೂದು ಬಣ್ಣಕ್ಕೆ ತಿರುಗಿತು. ಚಿನ್ನಮನೂರಿನ ತೆಂಗಿನ ತೋಟಗಳ ಹತ್ತಿರ ಬರುವಷ್ಟರಲ್ಲಿ ದನಿ ತೇಲಾಡತೊಡಗಿತು, ಕುಗ್ಗಿತು, ಹೋಯಿತು. ಸೂರ್ಯ ಇನ್ನೂ ಬೆಟ್ಟದ ಮೇಲೆ ಬಂದಿರಲಿಲ್ಲ. ನಮ್ಮ ಮೇಲೆ ಇನ್ನೂ ನೆರಳು.

"ನೋಡಿ ಅತ್ತೆ, ನಮಗಿನ್ನೂ ಬಿಸಿಲಿಲ್ಲ. ಅಷ್ಟು ಎತ್ತರದಲ್ಲಿ ಇರೋದಕ್ಕೆ ಆಗ್ಲೇ ಬಿಸಿಲು ಬಿತ್ತು. ಗೋಣಿಚೀಲ ಹರಡಾಯ್ತು."

ಅತ್ತೆ ನಾದಿನಿಯ ಮೇಲಿಂದ ಬಗ್ಗಿ ಕಿಟಕಿಯಾಚೆ ತಲೆ ಹಾಕಿ ಆಕಾಶವನ್ನು ತುಂಬಾ ಹೊತ್ತು ನೋಡಿದರು. ಮೊದಲ ಸಲ ಅಟ್ಟ ಕಂಡವರ ಹಾಗೆ.

"ಏನಿಲ್ಲ ಅತ್ತಿಗೆ, ಹೊಲಕ್ಕೆ ಹೋದ್ರು," ಎಂದಳು ನಾದಿನಿ. ಡ್ರೈವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ನಮ್ಮ ನಗು ನೋಡಿ ಅವನೂ ನಕ್ಕ.

ಒಡ್ಡನ್‌ಛತ್ರಂ ಸಂತೆಯಲ್ಲಿ ರೇಡಿಯೋ ಹಚ್ಚಿದರೆ ಜೇನುಗೂಡಿಗೆ ಕಿವಿ ಇಟ್ಟ ಹಾಗೆ. ಟ್ಯೂಬ್‌ಲೈಟು, ಮೈಕು, ಕರೆಂಟು ತಂತಿ. ಮಾವನ ತರಕಾರಿ ಕೊಳ್ಳುವ ಮಂಡಿಯವರು ಊರ ಹೊರಗೆ ಒಬ್ಬ ರೈತನ ನುಗ್ಗೆ ತೋಟ ತೋರಿಸಿದರು. ನಡೆದು ಹೋದೆವು. ನಾನು ಸಲೀಸಾಗಿ ಸಿಗುವ ನುಗ್ಗೆ ಕೊಂಬೆಗೆ ತಂತಿ ಕಟ್ಟಿ ಎಳೆದೆ. ಕೊಂಬೆ ಲಟಕ್ಕನೆ ಮುರಿದು ನಾದಿನಿಯ ತಲೆಯ ಮೇಲೆ ಬಿತ್ತು.

"ಕಾಲೇಜಲ್ಲಿ ನುಗ್ಗೆ ಮರದ ಪಾಠ ಮಾಡಲ್ವಾ?" ಎಂದಳು ಅವಳು, ಎಲೆ ಕೊಡವಿಕೊಳ್ಳುತ್ತ.

ಮಾವ ಮಾತಾಡದೆ ತಂತಿ ಇಸಕೊಂಡು, ತೋಟದ ಆ ತುದಿಯ ಬೇವಿನ ಮರದಿಂದ ಈ ತುದಿಯ ತೆಂಗಿನ ಮರಕ್ಕೆ ಎಳೆದು ಕಟ್ಟಿದರು. ತಂತಿಯ ಒಂದು ತುದಿಯನ್ನು ನಾನು ರೇಡಿಯೋಗೆ ಸುತ್ತು ಸುತ್ತಿ, ಅದರ ಕೊನೆಯನ್ನು ನೀರು ಹರಿಯುವ ಕಾಲುವೆಯಲ್ಲಿ ನೆಟ್ಟ ಹಾರೆಗೆ ಬಿಗಿದೆ. ರೇಡಿಯೋವನ್ನು ನಿಧಾನವಾಗಿ ತಿರುಗಿಸಿದೆ. ಒಂದು ದಿಕ್ಕಿನಲ್ಲಿ, ಸುಯ್ ಎನ್ನುವ ಸದ್ದಿನ ಕೆಳಗೆ, ಇರುವೆ ಮಾತಾಡಿದ ಹಾಗೆ ಏನೋ… ಕನ್ನಡ! ನೆತ್ತಿಯ ಮೇಲೆ ಸೂರ್ಯ, ಕಿವಿಯಲ್ಲಿ ಕನ್ನಡ. ಆದರೆ ಅದರ ಮೇಲೆ ಗುಂಯ್ ಎಂದು ಒಂದು ಸದ್ದು ಗಟ್ಟಿಯಾಗಿ ಕೂತಿತ್ತು. ತೋಟದ ಪಂಪ್‌ಸೆಟ್ಟು.

ತೋಟದವನಿಗೆ ಮೋಟಾರು ನಿಲ್ಲಿಸು ಎಂದು ಹೇಗೆ ಕೇಳುವುದು? ಪಂಪ್‌ಸೆಟ್ಟಿಗೆ ಕರೆಂಟು ಬರುವುದೇ ಹಗಲಲ್ಲಿ ಕೆಲವು ತಾಸು. ಅದನ್ನು ಕಳೆದುಕೊಂಡರೆ ಅವತ್ತಿನ ನೀರು ಹೋದ ಹಾಗೆ. ಅವನೂ ಅದನ್ನೇ ಹೇಳಿದ. ಅತ್ತೆ ತಮಿಳಿನಲ್ಲಿ ಅವನೊಡನೆ ಮಾತಾಡಿದರು. ಬೇಡಲಿಲ್ಲ. ಅವನ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದರು, ಅವನ ಅವ್ವ ಯಾವ ಊರು ಎಂದು ಕೇಳಿದರು, ಆಮೇಲೆ ಆ ಪೆಟ್ಟಿಗೆಯೊಳಗೆ ಈಗ ಹಾಡಲಿರುವವಳು ತಾನೇ ಎಂದು ಹೇಳಿದರು. ಅವನು ಅತ್ತೆಯನ್ನು ನೋಡಿದ, ರೇಡಿಯೋ ನೋಡಿದ.

"ನೀಂಗಳಾ?" ಅಂದ, ನೀವೇನಾ ಎಂಬ ಹಾಗೆ.

"ನಾನೇದಾನ್," ಅಂದರು ಅತ್ತೆ.

ಅವನು ಹೋಗಿ ಮೋಟಾರು ನಿಲ್ಲಿಸಿ, ಟವೆಲು ಹಾಸಿ ನಮ್ಮ ಜೊತೆಗೇ ಕೂತ.

ಆಮೇಲೆ ಬರೀ ಎಲೆಗಳ ಸದ್ದು. ಯಾರೋ ನಮ್ಮ ಊರಿನ ಹೆಸರು ಹೇಳಿದರು. ಆಮೇಲೆ ಹೊಳೆ ದಾಟುವ ಹಾಡು ಶುರುವಾಯಿತು. ಅತ್ತೆಯ ದನಿ, ಇಷ್ಟೇ ಇಷ್ಟು ತೆಳ್ಳಗೆ, ಮುನ್ನೂರು ಕಿಲೋಮೀಟರಿನ ಹತ್ತಿರ ಹತ್ತಿರ ನೆಲ ಹಿಡಿದು ನಡೆದು ಬಂದ ದನಿ. ಅತ್ತೆ ರೇಡಿಯೋಗೆ ಕಿವಿ ಕೊಟ್ಟು ಬಗ್ಗಿ ಕೂತಿದ್ದರು. ನಾದಿನಿ ಬಾಯಿಗೆ ಸೆರಗು ಇಟ್ಟುಕೊಂಡಿದ್ದಳು. ನಗಲಿಕ್ಕಲ್ಲ.

ಊರು ಬಿಟ್ಟದ್ದು ಬಂತು, ದನ ಹೊಡೆದುಕೊಂಡದ್ದು ಬಂತು, ಹೊಳೆಯ ದಡಕ್ಕೆ ಬಂದದ್ದು ಬಂತು. ಮುಂದಿನ ಸಾಲಿಗೆ ಎಲ್ಲರೂ ಆಚೆ ದಡದಲ್ಲಿ ಅಡುಗೆಗೆ ಒಲೆ ಹೂಡಿದ್ದರು!

"ಏ ಏ ಏ! ಎಂಗೆ ದಾಟಿದ್ರು?" ಅತ್ತೆ ರೇಡಿಯೋಗೆ ಕೂಗಿದರು. "ಮರ ಎಲ್ಲಿ ಹೋಯ್ತು? ಹೊಂಗೆ ಮರ ಬಗ್ಗಿದ್ದು ಎಲ್ಲಿ? ತಪ್ಪು ಹಾಡ್ತಾವಳೆ!"

"ಅದು ನೀವೇ ಅತ್ತಿಗೆ!"

"ನಾನು ಅಂಗೆ ಹಾಡಿಲ್ಲ!"

ಹೊತ್ತು ಸಾಲದೆ ಸ್ಟೇಷನ್ನಿನವರು ನಡುವಿನ ಪದ ಕತ್ತರಿಸಿರಬೇಕು. ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. ನಡು ಹೊಳೆಯಲ್ಲಿ ಜನರನ್ನು ಬಿಟ್ಟು ಹೋಗುವುದು ಅವರಿಂದಾಗಲಿಲ್ಲ. ರೇಡಿಯೋ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಅವರು ನೆಟ್ಟಗೆ ಕೂತು, ಗಂಟಲು ಬಿಟ್ಟು, ಬಿಟ್ಟುಹೋದ ಪದವನ್ನು ಅಲ್ಲೇ ಎತ್ತಿಕೊಂಡರು.

ತುಂಬಿದ ಹೊಳೆಯವ್ವ ದಾರಿಯ ಬಿಡಲಿಲ್ಲ
ಹೊಂಗೆಯ ಮರವೇ ಬಗ್ಗಿತು, ಬೆನ್ನ ಕೊಟ್ಟು…

ಅವರ ಗಟ್ಟಿ ದನಿಯಲ್ಲಿ ರೇಡಿಯೋದ ಇರುವೆ ದನಿ ಪೂರ್ತಿ ಮುಳುಗಿಹೋಯಿತು. ಅಷ್ಟು ಕಷ್ಟಪಟ್ಟು ಹಿಡಿದ ಅಲೆ! ನಾನು, "ಅತ್ತೆ, ಕೇಳ್ರೀ, ಅದು ಮತ್ತೆ ಬರಲ್ಲ!" ಎಂದು ಅವರ ತೋಳು ಹಿಡಿದೆ. ನಾದಿನಿ ನನ್ನ ಕೈ ತೆಗೆದಳು.

"ಬಿಡು. ಅದು ಹಾಡ್ಲಿ. ಇವ್ರನ್ನ ಕೇಳು," ಅಂದಳು.

ಕೇಳಿದೆವು. ಮಾವ, ನಾದಿನಿ, ಕನ್ನಡ ಬಾರದ ಆ ತೋಟದವನು, ನಾನು. ಅತ್ತೆ ಎಲ್ಲರನ್ನೂ ಆಚೆ ದಡಕ್ಕೆ ಮುಟ್ಟಿಸುವವರೆಗೂ ನಿಲ್ಲಿಸಲಿಲ್ಲ. ಅವರು ಮುಗಿಸುವ ಹೊತ್ತಿಗೆ ರೇಡಿಯೋದಲ್ಲಿ ಯಾರೋ ಗೊಬ್ಬರದ ವಿಷಯ ಮಾತಾಡುತ್ತಿದ್ದರು. ತೋಟದವನು ಎದ್ದು, ಮೋಟಾರು ಹಾಕುವುದನ್ನೂ ಮರೆತು, ಒಂದು ಹೊರೆ ನುಗ್ಗೆಕಾಯಿ ಕಿತ್ತು ಅತ್ತೆಯ ಮುಂದೆ ಇಟ್ಟ.

ಸಂಜೆ ಬೀದಿಗೆ ಇಳಿದಾಗ ಎಲ್ಲರೂ ತಿಣ್ಣೆಯ ಮೇಲೆ ಕಾಯುತ್ತಿದ್ದರು. "ಬಂತಾ? ಬಂತಾ?"

"ಬಂತು. ಅರ್ಧ ಅವ್ರು ಹಾಡಿದ್ರು, ಅರ್ಧ ನಾನು ಹಾಡ್ದೆ," ಅಂದರು ಅತ್ತೆ.

ಅವತ್ತು ಕನ್ನಡ ಸ್ಟೇಷನ್ನು ಸಿಗುವ ಹೊತ್ತಾದರೂ ಯಾರೂ ಮುಳ್ಳು ತಿರುಗಿಸಲಿಲ್ಲ. ನಾದಿನಿಯೇ, "ಹಾಡಿ ಅತ್ತಿಗೆ, ಪೂರ್ತಿ ಹಾಡಿ, ಮರ ಬಿಡಬೇಡಿ," ಅಂದಳು. ಬೀದಿ ಮೊದಲ ಸಲ ಕೂತು ಕೇಳಿತು. ಅದಾದ ಮೇಲೆ ಅತ್ತೆ ಬಹಳ ಸಂಜೆ ಹಾಡಿದರು…

ನಾನು ಡಿಗ್ರಿ ಮುಗಿಸಿದೆ, ಬಿ.ಎಡ್. ಮಾಡಿದೆ, ಹೊಸೂರಿಗೆ ಬಂದೆ. ಮಾವ ಮೊದಲು ಹೋದರು, ಸ್ವಲ್ಪ ವರ್ಷಕ್ಕೆ ಅತ್ತೆ. ನಾದಿನಿಗೆ ಈಗ ನೆನಪು ನಿಲ್ಲುವುದಿಲ್ಲ, ಹೋದ ಸಲ ನೋಡಲು ಹೋದಾಗ ನನ್ನನ್ನು ಯಾರೋ ಬ್ಯಾಂಕಿನವಳು ಅಂದುಕೊಂಡಳು. ಬೀದಿಯಲ್ಲಿ ಕೇಳಿದವರಿದ್ದಾರೆ, ಕಲಿತವರಿಲ್ಲ. ಮರ ಬಗ್ಗುವ ಆ ಪದ ಇನ್ನು ಇರುವುದು ನನ್ನ ಬಳಿ ಮಾತ್ರ.

ಅಯಾನುಗೋಳದ ಪಾಠ ಬಂದಾಗಲೆಲ್ಲ ನಾನು ತಟ್ಟೆ, ಟಾರ್ಚು, ಗೋಣಿಚೀಲ ಹಿಡಿಯುತ್ತೇನೆ. ಮಕ್ಕಳು ಕೇಳುತ್ತಾರೆ, ಈಗ ಫೋನಿನಲ್ಲಿ ಎಲ್ಲ ಸ್ಟೇಷನ್ನೂ ಎಲ್ಲ ಹೊತ್ತೂ ಬರುತ್ತದಲ್ಲ ಮಿಸ್ಸು, ಇದು ಯಾಕೆ ಎಂದು. ಆಗ ಕತೆ ಹೇಳಿ, ಕೊನೆಗೆ ಆ ಪದ ಹಾಡುತ್ತೇನೆ. ಎರಡು ಸಾಲು ಸರಿಯಾಗಿ ಬರುತ್ತವೆ. ಮೂರನೆಯದಕ್ಕೆ ಬಂದಾಗ ತಡವರಿಸುತ್ತೇನೆ. ಬಗ್ಗಿದ ಮರದ ಬೆನ್ನ ಮೇಲೆ ಮೊದಲು ದಾಟಿದ್ದು ಕರುವೋ, ಕೂಸೋ… ಒಂದು ವರ್ಷ ಕರು ಅನ್ನುತ್ತೇನೆ, ಇನ್ನೊಂದು ವರ್ಷ ಕೂಸು ಅನ್ನುತ್ತೇನೆ. ಹುಡುಗಿಯರು ಎರಡಕ್ಕೂ ಚಪ್ಪಾಳೆ ತಟ್ಟುತ್ತಾರೆ. ತಪ್ಪು ಹಾಡ್ತಾವಳೆ ಎಂದು ಕೂಗಿ ನಿಲ್ಲಿಸುವವರು ಯಾರೂ ಇಲ್ಲ.